ವೈಮಾನಿಕ ವಿದ್ಯೆಯ ವೆಚ್ಚವನ್ನು ಹೊರುವವರಾರು?

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯವರಿಗೆ ಕಾದು ಫಲವನ್ನುಣ್ಣುವುದು ಹೊಸ ಮಾತಲ್ಲ. ಸಸಿಯನ್ನು ನೆಟ್ಟವನು ಮೊದಲ ಹೊಂಬಾಳೆಯನ್ನು ಕಾಣಲು ಆರೇಳು ವರ್ಷ ಕಾಯಬೇಕು. ಕಿತ್ತ ಕಾಯಿ ಅಟ್ಟದ ಮೇಲೆ ಸುಮಾರು ಒಂದು ವರ್ಷವಿದ್ದು ಒಣಗಿದ ಬಳಿಕವೇ ಉಂಡೆ ಕೊಬ್ಬರಿಯಾಗಿ ತಿಪಟೂರಿನ ಮಾರುಕಟ್ಟೆಯನ್ನು ಸೇರುವುದು. ಆದರೆ ಈ ಕಾಯುವಿಕೆಯಲ್ಲಿ ಒಂದು ನೆಮ್ಮದಿಯುಂಟು: ಮರವೂ ಕಾಯಿಯೂ ಕಾಯುವವನ ಸ್ವತ್ತೇ ಆಗಿರುತ್ತವೆ. ತೋಟದ ಆದಾಯವನ್ನು ನಂಬಿ ಮಗನನ್ನೋ ಮಗಳನ್ನೋ ವಿಮಾನ ನಡೆಸುವ ವಿದ್ಯೆಗೆ ಕಳುಹಿಸುವ ಗೃಹಸ್ಥನಿಗೆ ಆ ನೆಮ್ಮದಿಯಿಲ್ಲ. ವಿದ್ಯೆ ಮುಗಿದ ಮೇಲೆ ಉದ್ಯೋಗವನ್ನು ಕೊಡುವುದೂ ಬಿಡುವುದೂ ಅನ್ಯರ ಕೈಯಲ್ಲಿದೆ. ಆದುದರಿಂದ ಈ ವಿದ್ಯೆಯ ವೆಚ್ಚ ಯಾರಿಗೆ ಸೇರತಕ್ಕದ್ದೆಂಬುದನ್ನು ಅದರ ಇತಿಹಾಸದೊಡನೆ ವಿಚಾರಿಸುವುದು ಯುಕ್ತವಾಗಿದೆ.

ಭರತಖಂಡದಲ್ಲಿ ವೈಮಾನಿಕ ವಿದ್ಯೆ ಮೊದಲು ನೆಲೆಗೊಂಡುದು 1928ರ ಸುಮಾರಿಗೆ ಸರ್ಕಾರದ ಸಹಾಯಧನದಿಂದ ಆರಂಭವಾದ ದೆಹಲಿ, ಮುಂಬಯಿ ಮೊದಲಾದ ಕಡೆಗಳ ಹಾರಾಟದ ಕ್ಲಬ್ಬುಗಳಲ್ಲಿ. ಜೆ. ಆರ್. ಡಿ. ಟಾಟಾ ಅವರು 1929ರ ಫೆಬ್ರವರಿ 10ರಂದು ಈ ದೇಶದಲ್ಲಿ ಕೊಡಲ್ಪಟ್ಟ ಮೊದಲನೆಯ ವೈಮಾನಿಕ ಪರವಾನಗಿಯನ್ನು ಪಡೆದರು. ಆಗ ಹಾರುವುದು ಬಹುಮಟ್ಟಿಗೆ ಸಿರಿವಂತರ ಹವ್ಯಾಸವಾಗಿದ್ದಿತು. ಅದಕ್ಕೆ ಅವರು ತಮ್ಮ ಹಣವನ್ನು ವ್ಯಯಮಾಡಿದುದರಲ್ಲಿ ಆಕ್ಷೇಪಿಸತಕ್ಕದ್ದೇನೂ ಇಲ್ಲ. 1932ರ ಅಕ್ಟೋಬರ್ 15ರಂದು ಟಾಟಾ ಅವರೇ ಕರಾಚಿಯಿಂದ ಮುಂಬಯಿಗೆ ಅಂಚೆಯನ್ನು ಹೊತ್ತು ತಂದರು. ಅಂದಿನಿಂದ ಹವ್ಯಾಸವು ವೃತ್ತಿಯಾಗತೊಡಗಿತು.

ಮೈಸೂರು ಸಂಸ್ಥಾನವು ಈ ವಿಷಯದಲ್ಲಿ ಹಿಂದೆ ಬೀಳಲಿಲ್ಲ. 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದರು ಬೆಂಗಳೂರಿನಲ್ಲಿ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಂಪನಿಯನ್ನು ಸ್ಥಾಪಿಸಿದಾಗ ಸಂಸ್ಥಾನದ ಸರ್ಕಾರವು 25 ಲಕ್ಷ ರೂಪಾಯಿ ಬಂಡವಾಳವನ್ನು ಹೂಡಿತು. ಆ ದಶಕದ ಕೊನೆಯಲ್ಲಿ ಜಕ್ಕೂರಿನಲ್ಲಿ ಸರ್ಕಾರದ ವೈಮಾನಿಕ ತರಬೇತಿ ಶಾಲೆ ಏರ್ಪಟ್ಟಿತು. 1951ರಲ್ಲಿ ಡಾಕ್ಟರ್ ವಿ. ಎಂ. ಘಾಟಗೆಯವರ ನೇತೃತ್ವದಲ್ಲಿ ಬೆಂಗಳೂರಿನಲ್ಲಿಯೇ ಸಿದ್ಧವಾದ ಎಚ್.ಟಿ.-2 ಎಂಬ ಕಲಿಕೆಯ ವಿಮಾನವು ಹಾರಿತು. ಸರ್ ಎಂ. ವಿಶ್ವೇಶ್ವರಯ್ಯನವರು ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಸೇವೆಗಾಗಿ ತಮಗೆ ಸಲ್ಲತಕ್ಕ ಹಣವನ್ನು ವೃತ್ತಿಶಿಕ್ಷಣಕ್ಕೆ ಬಿಟ್ಟುಕೊಟ್ಟುದರಿಂದ, 1943ರಲ್ಲಿ ಶ್ರೀ ಜಯಚಾಮರಾಜೇಂದ್ರ ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟ್ ಆರಂಭವಾಯಿತು. ಕುಶಲ ಕೆಲಸಗಾರನು ನಾಡಿನ ಸ್ವತ್ತು, ಅವನ ಕಲಿಕೆಯಲ್ಲಿ ನಾಡಿಗೂ ಪಾಲುಂಟು ಎಂಬ ಭಾವನೆ ಈ ಕಾರ್ಯಗಳೆಲ್ಲದರ ಹಿಂದೆ ಕಾಣುತ್ತದೆ.

1953ರಲ್ಲಿ ವಿಮಾನಯಾನವು ರಾಷ್ಟ್ರೀಕೃತವಾಯಿತು. 1985ರಲ್ಲಿ ಕೇಂದ್ರ ಸರ್ಕಾರವು ಇಂದಿರಾ ಗಾಂಧಿ ರಾಷ್ಟ್ರೀಯ ಉಡಾನ್ ಅಕಾಡೆಮಿಯನ್ನು ಸ್ಥಾಪಿಸಿತು. 1994ರಲ್ಲಿ 1953ರ ಕಾಯಿದೆ ರದ್ದಾಗಿ ಖಾಸಗಿ ಕಂಪನಿಗಳಿಗೆ ದಾರಿ ತೆರೆಯಿತು. ಹಾಸನ ಜಿಲ್ಲೆಯ ಗೊರೂರಿನವರೂ, ಜಾವಗಲ್ಲಿನಲ್ಲಿ ತೋಟ ಮಾಡಿದವರೂ ಆದ ಕ್ಯಾಪ್ಟನ್ ಜಿ. ಆರ್. ಗೋಪಿನಾಥರು 2003ರಲ್ಲಿ ಏರ್ ಡೆಕ್ಕನ್ ಕಂಪನಿಯಿಂದ ಅಗ್ಗದ ಪ್ರಯಾಣವನ್ನು ಆರಂಭಿಸಿದರು. ವಿಮಾನಗಳ ಸಂಖ್ಯೆ ಹೆಚ್ಚಿತು. ವೈಮಾನಿಕರ ಅಗತ್ಯವೂ ಹೆಚ್ಚಿತು. ಆದರೆ ಕಲಿಕೆಯ ಹೊರೆ ಮಾತ್ರ ಕಲಿಯುವವರ ಹೆಗಲಿಗೇ ಬಂದಿತು.

ಈ ಕಲಿಕೆಯಲ್ಲಿ ಎರಡು ಭಾಗಗಳಿವೆ. ಮೊದಲನೆಯದು ವಾಣಿಜ್ಯ ಪರವಾನಗಿ. ಅದಕ್ಕೆ 200 ಗಂಟೆಗಳ ಹಾರಾಟ ಬೇಕು. ಇದು ಎಲ್ಲಿಗೆ ಹೋದರೂ ಜೊತೆಗೆ ಬರುವ ವಿದ್ಯೆಯಾದುದರಿಂದ ಕಲಿಯುವವನು ಇದರ ವೆಚ್ಚದಲ್ಲಿ ಪಾಲುಗೊಳ್ಳುವುದು ನ್ಯಾಯವೇ. ಎರಡನೆಯದು, ಏರ್‌ಬಸ್ ಎ-320 ಮೊದಲಾದ ಒಂದೊಂದು ಬಗೆಯ ವಿಮಾನಕ್ಕೆ ಬೇಕಾದ ಟೈಪ್ ರೇಟಿಂಗ್ ಎಂಬ ವಿಶೇಷ ತರಬೇತಿ. ತನ್ನ ಯಂತ್ರವನ್ನು ನಡೆಸಲು ತಾನು ನೇಮಿಸುವವನ ಕೈಯಿಂದಲೇ ಕಂಪನಿಯು ಹಲವು ಲಕ್ಷ ರೂಪಾಯಿಗಳನ್ನು ಖರ್ಚು ಮಾಡಿಸುವುದು ಎಷ್ಟರಮಟ್ಟಿಗೆ ಸರಿ? ಕಾರ್ಖಾನೆಗಳಲ್ಲಿ ಕೆಲಸ ಕಲಿಯುವವರಿಗೆ ಮಾಲೀಕರೇ ವೇತನ ಕೊಡಬೇಕೆಂದು 1961ರ ಅಪ್ರೆಂಟಿಸ್ ಕಾಯಿದೆ ವಿಧಿಸಿತು. ಅಲ್ಲಿ ಒಪ್ಪಿದ ನ್ಯಾಯ ಇಲ್ಲಿ ಏಕೆ ಬೇಡ?

ತರಬೇತಿ ಪಡೆದವನು ಮರುದಿನವೇ ಬೇರೊಂದು ಕಂಪನಿಗೆ ಹೊರಟುಹೋದರೆ ಗತಿಯೇನೆಂದು ಕೇಳಬಹುದು. ಈ ಶಂಕೆ ನಿರಾಧಾರವಾದುದಲ್ಲ. ಆದರೆ ಅದಕ್ಕೆ ಪರಿಹಾರವೂ ಹಳೆಯದೇ: ವಾಯುಸೇನೆಯು ತನ್ನ ವೈಮಾನಿಕರನ್ನು ತನ್ನ ಖರ್ಚಿನಿಂದಲೇ ಸಿದ್ಧಪಡಿಸಿ, ಪ್ರತಿಯಾಗಿ ನಿಯಮಿತ ಕಾಲದ ಸೇವೆಯನ್ನು ಪಡೆಯುತ್ತದೆ. ಕಂಪನಿಯೂ ಮಿತವಾದ ಅವಧಿಗೆ ಮುಚ್ಚಳಿಕೆಯನ್ನು ಬರೆಯಿಸಿಕೊಳ್ಳಬಹುದು. ಮೇಲಾಗಿ, ಸಾಲದಲ್ಲಿ ಮುಳುಗಿದವನು ಆಯಾಸವಾದಾಗಲೂ ಹಾರಲಾರೆನೆಂದು ಹೇಳಲು ಹಿಂಜರಿಯುವನು. ಅವನ ಹಿಂದೆ ಕುಳಿತ ನೂರಾರು ಪ್ರಯಾಣಿಕರಿಗೆ ಅದು ಕ್ಷೇಮಕರವಲ್ಲ. ಹಣವುಳ್ಳವರಿಗೆ ಮಾತ್ರ ಬಾಗಿಲು ತೆರೆದರೆ ಬಡವರ ಮನೆಯ ಪ್ರತಿಭೆ ಹೊರಗೆ ನಿಲ್ಲುವುದೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ತೆಂಗಿನ ಸೀಮೆಯು ಈ ನ್ಯಾಯವನ್ನು ಬೇರೊಂದು ಎತ್ತರದಲ್ಲಿ ಕಂಡಿದೆ. ಮರ ಹತ್ತಿ ಕಾಯಿ ಕೀಳುವವರು ವಿರಳವಾದಾಗ, ತೆಂಗು ಅಭಿವೃದ್ಧಿ ಮಂಡಳಿಯು 2011ರಲ್ಲಿ ಯೋಜನೆಯೊಂದನ್ನು ಆರಂಭಿಸಿ, ಯುವಜನರಿಗೆ ಉಚಿತವಾಗಿ ತರಬೇತಿಯನ್ನಿತ್ತು, ಮರ ಹತ್ತುವ ಯಂತ್ರವನ್ನೂ ಒದಗಿಸಿತು. ಹತ್ತುವವನು ಮೊದಲು ದುಡ್ಡು ಕಟ್ಟಲಿ ಎಂದಿದ್ದರೆ ಕಾಯಿ ಮರದಲ್ಲಿಯೇ ಉಳಿಯುತ್ತಿದ್ದಿತು. ಮರವನ್ನೇರುವವನಿಗೂ ಮುಗಿಲನ್ನೇರುವವನಿಗೂ ಎತ್ತರದಲ್ಲಿ ಅಂತರವಿದ್ದೀತು, ನ್ಯಾಯದಲ್ಲಿ ಅಂತರವಿರಕೂಡದು. ಫಲವನ್ನುಣ್ಣುವವರು ಏಣಿಯ ವೆಚ್ಚದಲ್ಲಿ ಪಾಲುಗೊಳ್ಳುವುದೇ ಧರ್ಮ.