ಪಶುಪತಿನಾಥನ ಸನ್ನಿಧಿಯಲ್ಲಿ ಕನ್ನಡದ ಭಟ್ಟರು

ಉದ್ಯೋಗದ ನಿಮಿತ್ತ ಊರು ಬಿಟ್ಟು ಬಂದವರು ನಾವು. ಲಕ್ಷ್ಮೀ ನಗರದ ಬಾಡಿಗೆ ಮನೆಗಳಲ್ಲಿ ಸಂಸಾರ ಹೂಡಿರುವ ಕನ್ನಡಿಗರಲ್ಲಿ ಬ್ಯಾಂಕಿನವರುಂಟು, ಸರಕಾರಿ ಕಚೇರಿಯವರುಂಟು, ಸಿ.ಎ. ಪರೀಕ್ಷೆಗೆ ಓದಲು ಬಂದ ಹುಡುಗರುಂಟು. ಆದರೆ ನಾವು ಬಂದು ಸೇರಿದ್ದು ನಮ್ಮದೇ ದೇಶದ ರಾಜಧಾನಿಗೆ. ನಮಗಿಂತ ಎಷ್ಟೋ ಮುಂಚೆ ಇಲ್ಲಿಂದಲೂ ಆಚೆಗೆ ನಡೆದು, ಹಿಮಾಲಯದ ತಪ್ಪಲಿನ ನೆರೆರಾಜ್ಯದಲ್ಲಿ ಉದ್ಯೋಗ ಹಿಡಿದ ಕನ್ನಡಿಗರ ಸಂಗತಿ ನಮ್ಮಲ್ಲಿ ಅನೇಕರಿಗೆ ತಿಳಿಯದು.

ನೇಪಾಳಕ್ಕೂ ಕರ್ಣಾಟಕದ ಹೆಸರಿಗೂ ನಂಟು ಹಳೆಯದು. ಸುಮಾರು 1097ರಲ್ಲಿ ನಾನ್ಯದೇವನೆಂಬವನು ಮಿಥಿಲೆಯಲ್ಲಿ ಕರ್ಣಾಟವಂಶದ ಆಳ್ವಿಕೆಯನ್ನು ಸ್ಥಾಪಿಸಿದನು. ಕಲ್ಯಾಣದ ಚಾಲುಕ್ಯರ ದಂಡಿನೊಡನೆ ಉತ್ತರಕ್ಕೆ ಬಂದ ಮನೆತನವಿರಬೇಕೆಂದು ಇತಿಹಾಸಕಾರರ ಊಹೆ. ಅವನ ರಾಜಧಾನಿ ಸಿಮ್ರೌನ್‌ಗಢದ ಅವಶೇಷಗಳು ಇಂದು ನೇಪಾಳದ ಗಡಿಯೊಳಗಿವೆ. ಅವರು ಕತ್ತಿ ಹಿಡಿದು ಬಂದವರು. ನಾವು ಹೇಳಹೊರಟವರು ವೇದವನ್ನು ನಂಬಿ ಹೋದವರು.

ಕಾಠ್ಮಂಡುವಿನ ಬಾಗ್ಮತಿ ನದಿಯ ದಡದಲ್ಲಿರುವ ಪಶುಪತಿನಾಥನಿಗೆ ನಾಲ್ಕು ದಿಕ್ಕಿಗೆ ನಾಲ್ಕು ಮುಖ, ಗುಡಿಗೆ ನಾಲ್ಕು ಬಾಗಿಲು. ಆ ಲಿಂಗವನ್ನು ಮುಟ್ಟಿ ಪೂಜಿಸುವ ಅಧಿಕಾರ ದಕ್ಷಿಣ ದೇಶದ ಭಟ್ಟರಿಗೆ ಮಾತ್ರ. ಅವರ ಮುಖ್ಯಸ್ಥರಿಗೆ ಮೂಲ ಭಟ್ಟರೆಂದು ಹೆಸರು. ಇತ್ತೀಚಿನ ತಲೆಮಾರುಗಳಲ್ಲಿ ಈ ಸ್ಥಾನಕ್ಕೆ ಹೋದವರು ಬಹುಮಟ್ಟಿಗೆ ಕರ್ನಾಟಕದವರು, ಅದರಲ್ಲಿಯೂ ಕರಾವಳಿಯ ಕಡೆಯವರು. ಉಗ್ರಾಣ, ಒಡವೆ, ಪೂಜಾಸಾಮಗ್ರಿಗಳ ಹೊಣೆಯೆಲ್ಲ ಸ್ಥಳೀಯ ನೇವಾರ ಮನೆತನಗಳ ಭಂಡಾರಿಗಳದು. ಪೂಜೆ ಒಬ್ಬರದು, ಬೀಗದ ಕೈ ಇನ್ನೊಬ್ಬರದು! ನಮ್ಮ ಬ್ಯಾಂಕುಗಳಲ್ಲಿ ತಿಜೋರಿಯ ಎರಡು ಕೀಲಿಗಳು ಇಬ್ಬರ ಬಳಿ ಇರುವುದನ್ನು ಕಂಡ ನಮಗೆ ಈ ಏರ್ಪಾಟು ಬಹಳ ಮೆಚ್ಚಿಗೆಯಾಯಿತು.

ಈ ನೇಮಕವನ್ನು ಆರಂಭಿಸಿದವರು ಶಂಕರಾಚಾರ್ಯರೆಂದು ಐತಿಹ್ಯ. 15ನೇ ಶತಮಾನದ ದೊರೆ ಯಕ್ಷಮಲ್ಲನೆಂದು ಮತ್ತೊಂದು ಹೇಳಿಕೆ. ಎರಡನೆಯದೇ ನಮಗೆ ಹೆಚ್ಚು ಒಪ್ಪಿಗೆ; ಏಕೆಂದರೆ ಇದು ಅರಸೊತ್ತಿಗೆಯೊಡನೆ ಹೆಣೆದುಕೊಂಡ ಕೆಲಸ. ಹೊರಗಿನವರನ್ನೇ ಏಕೆ ಕರೆದರು ಎಂಬುದಕ್ಕೆ ಅಲ್ಲಿನವರು ಹೇಳುವ ಕಾರಣ ಕುತೂಹಲಕರವಾಗಿದೆ. ಅರಸನು ಪ್ರಜೆಗಳಿಗೆ ತಂದೆಯ ಸಮಾನ. ಅವನು ತೀರಿಕೊಂಡರೆ ನಾಡಿಗೆಲ್ಲ ಸೂತಕ. ಸೂತಕದವರು ದೇವರನ್ನು ಮುಟ್ಟುವಂತಿಲ್ಲ. ಆದರೆ ಪರದೇಶದವನಿಗೆ ಆ ಅರಸನ ಸೂತಕವಿಲ್ಲವಾದ್ದರಿಂದ ನಿತ್ಯಪೂಜೆ ನಿಲ್ಲದು. 2001ರ ಜೂನ್ 1ರಂದು ಅರಮನೆಯಲ್ಲಿ ದೊರೆ ಬೀರೇಂದ್ರರ ಕುಟುಂಬವೇ ಹತವಾಗಿ, ಗಂಡಸರು ತಲೆ ಬೋಳಿಸಿಕೊಂಡು ದುಃಖ ಆಚರಿಸಿದಾಗ ಈ ಮಾತಿನ ಅರ್ಥ ತಿಳಿಯುವಂತಿತ್ತು. ಸಾಮಾನ್ಯವಾಗಿ ಪರಕೀಯನೆಂಬುದು ಉದ್ಯೋಗಕ್ಕೆ ಅಡ್ಡಿ. ಇಲ್ಲಿಯಾದರೋ ಅದೇ ಅರ್ಹತೆ.

ಗಡಿ ದಾಟುವುದೇನೋ ಕಷ್ಟವಲ್ಲ. 1950ರ ಜುಲೈ 31ರ ಶಾಂತಿ ಮತ್ತು ಮೈತ್ರಿ ಒಪ್ಪಂದದ 7ನೆಯ ವಿಧಿ, ಒಂದು ದೇಶದವರಿಗೆ ಇನ್ನೊಂದರಲ್ಲಿ ವಾಸ, ಆಸ್ತಿ, ವ್ಯಾಪಾರ, ಸಂಚಾರಗಳಲ್ಲಿ ಸಮಾನ ಸೌಲಭ್ಯವನ್ನು ಹೇಳುತ್ತದೆ. ವೀಸಾ ಬೇಕಿಲ್ಲ. ನಮ್ಮ ಒಂದು ರೂಪಾಯಿಗೆ ಅವರ ಒಂದು ರೂಪಾಯಿ ಅರವತ್ತು ಪೈಸೆ ಎಂಬ ದರವೂ 1993ರಿಂದ ಕದಲಿಲ್ಲ. 2014ರ ನವೆಂಬರಿನಲ್ಲಿ ಯಮುನೆಯ ಆಚೆ ದೆಹಲಿ ಗೇಟಿನ ಬಳಿಯಿಂದ ಕಾಠ್ಮಂಡುವಿಗೆ ಬಸ್ಸು ಸಹ ಆರಂಭವಾಯಿತು. ಆದರೆ ಒಳಗೆ ಬಿಡುವುದು ಒಪ್ಪಂದದ ಕೆಲಸ, ಒಳಗಿಟ್ಟುಕೊಳ್ಳುವುದು ಜನರ ಕೆಲಸ.

2008ರ ಮೇ 28ರಂದು ನೇಪಾಳದಲ್ಲಿ ಅರಸೊತ್ತಿಗೆ ರದ್ದಾಯಿತು. ನೇಮಿಸಿದ ಯಜಮಾನನೇ ಇಲ್ಲವಾದ ಮೇಲೆ ನೌಕರನ ಗತಿಯೇನು? ಅದೇ ವರ್ಷದ ಕೊನೆಗೆ, ಪ್ರಚಂಡರ ಸರಕಾರವಿದ್ದಾಗ, ಭಾರತದ ಅರ್ಚಕರು ರಾಜೀನಾಮೆಯಿತ್ತರು. ಅವರ ಸ್ಥಾನದಲ್ಲಿ ನೇಪಾಳಿ ಅರ್ಚಕರ ನೇಮಕವಾಯಿತು. ಈ ದೇಶದ ಪೂಜೆಗೆ ಈ ದೇಶದವರು ಸಾಲದೆ ಎಂಬ ಪ್ರಶ್ನೆ ಅನ್ಯಾಯದ್ದೆಂದು ನಾವು ಹೇಳಲಾರೆವು. ಕಾಣಿಕೆಯ ಲೆಕ್ಕ ಸ್ಪಷ್ಟವಿರಬೇಕೆಂಬ ಒತ್ತಾಯವಂತೂ ನ್ಯಾಯವೇ ಸರಿ. ಆದರೆ ಆಗ ಭಟ್ಟರ ಪರವಾಗಿ ಎದ್ದು ನಿಂತವರು ಯಾರು? ಅದೇ ಸ್ಥಳೀಯ ಭಂಡಾರಿಗಳು. ಭಟ್ಟರ ಪದ್ಧತಿ ಹೋದರೆ ನಾಳೆ ತಮ್ಮ ಪರಂಪರೆಯೂ ಹೋದೀತೆಂಬ ಅಂಜಿಕೆ ಅದರಲ್ಲಿ ಇದ್ದಿರಬಹುದು. ಇರಲಿ, ಜೊತೆ ದುಡಿದವರು ಕೈಬಿಡಲಿಲ್ಲ. ಸರ್ವೋಚ್ಚ ನ್ಯಾಯಾಲಯ ಹೊಸ ನೇಮಕಕ್ಕೆ ತಡೆಯಾಜ್ಞೆ ನೀಡಿತು. 2009ರ ಜನವರಿಯಲ್ಲಿ ಸರಕಾರ ಹಿಂದೆ ಸರಿದು, ಭಟ್ಟರು ಮರಳಿದರು.

ಅದೇ ವರ್ಷದ ಸೆಪ್ಟೆಂಬರಿನಲ್ಲಿ ಕರ್ನಾಟಕದಿಂದ ಇನ್ನಿಬ್ಬರು ಯುವಕರು ಹೊಸದಾಗಿ ನೇಮಕಗೊಂಡರು. ದೇಗುಲದ ಆವರಣದಲ್ಲಿಯೇ ಅವರ ಮೇಲೆ ಕೆಲವರು ನುಗ್ಗಿ ಹೊಡೆದು, ಉಟ್ಟ ಬಟ್ಟೆಯನ್ನು ಹರಿದರು. ಅವರಿಬ್ಬರೂ ಊರಿಗೆ ಹಿಂದಿರುಗಲಿಲ್ಲ; ಪೂಜೆಗೆ ನಿಂತರು. ಸೂತಕಕ್ಕೆ ಕಾರಣನಾಗುವ ಅರಸನು ಇಂದಿಲ್ಲ, ಪರದೇಶದವರೇ ಬೇಕೆಂಬ ಹಳೆಯ ಕಾರಣವೂ ಅವನೊಡನೆಯೇ ಹೋಯಿತು. ಆದರೂ ಆ ಗುಡಿಯ ಗರ್ಭದಲ್ಲಿ ಪೂಜೆ ಮಾಡುತ್ತಿರುವವರು ನಮ್ಮ ಕಡೆಯ ಭಟ್ಟರೇ.