ಢಾಕಾದಿಂದ ಹೋದ ತಂತಿ



ವಿದೇಶಾಂಗ ನೀತಿಯ ಮೂಲ ಗುರಿ ರಾಷ್ಟ್ರಹಿತದ ರಕ್ಷಣೆ ಎಂಬ ವಾಕ್ಯವನ್ನು ನೀವು ರಾಜ್ಯಶಾಸ್ತ್ರದ ಪುಸ್ತಕದಲ್ಲಿ ಖಂಡಿತ ಓದಿರುತ್ತೀರಿ. ಪರೀಕ್ಷೆಯಲ್ಲಿ ಅದನ್ನು ಬರೆದರೆ ಅಂಕವೂ ಸಿಗುತ್ತದೆ. ಆದರೆ ರಾಷ್ಟ್ರಹಿತ ಇಂಥದ್ದೇ ಎಂದು ನಿರ್ಧರಿಸುವವರು ಯಾರು? ಆ ಹಿತಕ್ಕಾಗಿ ಬೇರೊಂದು ನಾಡಿನ ಜನ ಸಾಯುತ್ತಿರುವುದನ್ನು ಕಂಡೂ ಕಾಣದಂತಿರಬಹುದೆ? ಇದನ್ನು ಬರಿಯ ತತ್ತ್ವವಾಗಿ ಚರ್ಚಿಸುತ್ತ ಕುಳಿತರೆ ಮಾತು ಬೆಳೆಯುತ್ತದೆಯೇ ಹೊರತು ತಿಳಿವಳಿಕೆ ಬೆಳೆಯುವುದಿಲ್ಲ. ಆದ್ದರಿಂದ 1971ನೆಯ ಇಸವಿಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ.

ಹಿನ್ನೆಲೆ ನಿಮಗೆ ಗೊತ್ತಿರುವುದೇ. 1970ರ ಡಿಸೆಂಬರಿನಲ್ಲಿ ಪಾಕಿಸ್ತಾನದಲ್ಲಿ ನಡೆದ ಮಹಾಚುನಾವಣೆಯಲ್ಲಿ ಷೇಖ್ ಮುಜೀಬುರ್ ರಹಮಾನರ ಅವಾಮಿ ಲೀಗ್ 313 ಸ್ಥಾನಗಳ ರಾಷ್ಟ್ರೀಯ ಸಭೆಯಲ್ಲಿ 167 ಸ್ಥಾನಗಳನ್ನು ಪಡೆಯಿತು. ಸ್ಪಷ್ಟ ಬಹುಮತ. ಆದರೂ ಸೇನಾಡಳಿತಗಾರ ಜನರಲ್ ಯಾಹ್ಯಾಖಾನ್ ಅಧಿಕಾರ ಬಿಟ್ಟುಕೊಡಲಿಲ್ಲ. 1971ರ ಮಾರ್ಚ್ 25ರ ರಾತ್ರಿ ಢಾಕಾ ನಗರದ ಮೇಲೆ ಸೈನ್ಯವನ್ನು ಛೂಬಿಟ್ಟರು. ವಿಶ್ವವಿದ್ಯಾಲಯದ ವಿದ್ಯಾರ್ಥಿಗಳನ್ನೂ ಅಧ್ಯಾಪಕರನ್ನೂ ಗುಂಡಿಟ್ಟು ಕೊಂದರು. ಸತ್ತವರಲ್ಲಿ ಅನೇಕರು ನಿಮ್ಮ ವಯಸ್ಸಿನವರು.

ಆಗ ಢಾಕಾದಲ್ಲಿ ಅಮೆರಿಕದ ಕಾನ್ಸುಲ್ ಜನರಲ್ ಆಗಿದ್ದವರು ಆರ್ಚರ್ ಬ್ಲಡ್ ಎಂಬ ಅಧಿಕಾರಿ. ಕಂಡದ್ದನ್ನು ಕಂಡಂತೆ ವಾಷಿಂಗ್‌ಟನ್ನಿಗೆ ವರದಿ ಮಾಡಿದರು. ಉತ್ತರ ಬರಲಿಲ್ಲ. ಏಪ್ರಿಲ್ 6ರಂದು ಅವರ ಕಚೇರಿಯಿಂದ ಇನ್ನೊಂದು ತಂತಿ ಹೋಯಿತು. ಅದಕ್ಕೆ ಢಾಕಾದಲ್ಲಿದ್ದ 20 ಮಂದಿ ಅಮೆರಿಕನ್ ನೌಕರರ ಸಹಿಯಿತ್ತು. ಪ್ರಜಾಪ್ರಭುತ್ವವನ್ನು ತುಳಿದದ್ದನ್ನು ನಮ್ಮ ಸರ್ಕಾರ ಖಂಡಿಸಲಿಲ್ಲ, ನರಮೇಧವನ್ನೂ ಖಂಡಿಸಲಿಲ್ಲ, ಇದು ನೈತಿಕ ದಿವಾಳಿತನ ಎಂಬುದು ಅದರ ಸಾರ. ಸರ್ಕಾರಿ ನೌಕರರು ಸ್ವಂತ ಸರ್ಕಾರಕ್ಕೆ ಹೀಗೆ ಬರೆಯುವುದು ಯಾವ ದೇಶದಲ್ಲೂ ಸಾಮಾನ್ಯವಲ್ಲ. ವಾಷಿಂಗ್‌ಟನ್ನಿನಲ್ಲಿದ್ದ 9 ಮಂದಿ ದಕ್ಷಿಣ ಏಷ್ಯಾ ತಜ್ಞ ಅಧಿಕಾರಿಗಳೂ ಇದಕ್ಕೆ ದನಿಗೂಡಿಸಿದರು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಿ. ಆ ತಂತಿಯ ಜೊತೆಗೆ ಬ್ಲಡ್ ತಮ್ಮದೇ ಟಿಪ್ಪಣಿಯೊಂದನ್ನು ಸೇರಿಸಿದ್ದರು. ಈ ಹೋರಾಟದಲ್ಲಿ ಕೊನೆಗೆ ಗೆಲ್ಲುವವರು ಬಂಗಾಳಿಗಳು, ಹುಟ್ಟುವುದು ಸ್ವತಂತ್ರ ಬಾಂಗ್ಲಾದೇಶ. ಸೋಲುವವರ ಪಕ್ಷ ಹಿಡಿದು, ಗೆಲ್ಲುವವರ ಸ್ನೇಹವನ್ನು ಕಳೆದುಕೊಳ್ಳುವುದು ಮೂರ್ಖತನ ಎಂದು ಅದರಲ್ಲಿ ವಾದಿಸಿದ್ದರು. ಅಂದರೆ ಅವರ ಕೈಯಲ್ಲಿದ್ದದ್ದು ನೀತಿಯ ಮಾತು ಮಾತ್ರವಲ್ಲ, ಲಾಭನಷ್ಟದ ಲೆಕ್ಕವೂ ಇತ್ತು. ಬ್ಲಡ್ ಅವರನ್ನು ಕೇವಲ ಭಾವುಕ ಮನುಷ್ಯ ಎಂದು ಚಿತ್ರಿಸುವವರು ಈ ಟಿಪ್ಪಣಿಯನ್ನು ಓದಿರಲಾರರು.

ಹಾಗಾದರೆ ವಾಷಿಂಗ್‌ಟನ್ ಏಕೆ ಬಾಯಿ ಬಿಡಲಿಲ್ಲ? ಕಾರಣ ಬೀಜಿಂಗಿನಲ್ಲಿತ್ತು. 1949ರ ಕ್ರಾಂತಿಯ ನಂತರ ಅಮೆರಿಕಕ್ಕೂ ಕಮ್ಯುನಿಸ್ಟ್ ಚೀನಾಕ್ಕೂ ರಾಜತಾಂತ್ರಿಕ ಸಂಬಂಧ ಇರಲಿಲ್ಲ. ಚೀನಾವನ್ನು ಒಲಿಸಿಕೊಂಡರೆ ಸೋವಿಯತ್ ಒಕ್ಕೂಟದ ಮೇಲೆ ಒತ್ತಡ ತರಬಹುದು, ವಿಯೆಟ್ನಾಂ ಯುದ್ಧದಿಂದ ಹೊರಬರಲೂ ದಾರಿಯಾದೀತು ಎಂಬುದು ಅಧ್ಯಕ್ಷ ರಿಚರ್ಡ್ ನಿಕ್ಸನ್ ಮತ್ತು ಅವರ ರಾಷ್ಟ್ರೀಯ ಭದ್ರತಾ ಸಲಹೆಗಾರ ಹೆನ್ರಿ ಕಿಸಿಂಜರ್ ಅವರ ಎಣಿಕೆ. ಇಬ್ಬರ ನಡುವೆ ಗುಟ್ಟಾಗಿ ಓಲೆ ಸಾಗಿಸುತ್ತಿದ್ದವರು ಇದೇ ಯಾಹ್ಯಾಖಾನ್. 1971ರ ಜುಲೈನಲ್ಲಿ ಇಸ್ಲಾಮಾಬಾದಿಗೆ ಹೋದ ಕಿಸಿಂಜರ್ ಹೊಟ್ಟೆನೋವೆಂದು ಹೇಳಿ ನಥಿಯಾಗಲಿ ಗಿರಿಧಾಮದಲ್ಲಿ ವಿಶ್ರಾಂತಿ ಪಡೆಯುತ್ತಿದ್ದಾರೆ ಎಂದು ಪತ್ರಕರ್ತರಿಗೆ ತಿಳಿಸಲಾಯಿತು. ಅವರು ನಿಜವಾಗಿ ಹೋದದ್ದು ಬೀಜಿಂಗಿಗೆ, ಚೌ ಎನ್ ಲೈ ಅವರ ಜೊತೆ ಮಾತುಕತೆಗೆ. ಜುಲೈ 15ರಂದು ನಿಕ್ಸನ್ ಈ ಸುದ್ದಿ ಪ್ರಕಟಿಸಿದಾಗ ಜಗತ್ತೇ ಬೆರಗಾಯಿತು.

ನಿಕ್ಸನ್ ಮತ್ತು ಕಿಸಿಂಜರ್ ಅವರ ವಾದವನ್ನು ತಳ್ಳಿಹಾಕುವ ಮುನ್ನ ಪೂರ್ತಿ ಕೇಳುವುದು ನ್ಯಾಯ. ಎರಡು ಅಣ್ವಸ್ತ್ರ ರಾಷ್ಟ್ರಗಳು ಮುಖ ನೋಡದಂತೆ ಕುಳಿತಿದ್ದ ಕಾಲ ಅದು. ಅವು ಮಾತನಾಡತೊಡಗಿದರೆ ಜಗತ್ತಿಗೇ ಕ್ಷೇಮ. ಅದೂ ಒಂದು ಬಗೆಯ ನೀತಿಯೇ ಎಂದು ಅವರು ಹೇಳಬಹುದಾಗಿತ್ತು. ಅದರಲ್ಲಿ ತಿರುಳಿಲ್ಲದೆ ಇಲ್ಲ. ಆದರೆ ಒಂದು ಪ್ರಶ್ನೆಗೆ ಅವರ ಬಳಿ ಸರಿಯಾದ ಉತ್ತರವಿಲ್ಲ. ಜುಲೈ ಹೊತ್ತಿಗೆ ಚೀನಾದ ಬಾಗಿಲು ತೆರೆದಿತ್ತು. ಪ್ಯಾರಿಸ್ಸಿನ ಮೂಲಕ ನೇರ ಸಂಪರ್ಕವೂ ಏರ್ಪಟ್ಟಿತು. ಓಲೆಕಾರನ ಅಗತ್ಯ ತೀರಿದ ಮೇಲೂ ನೀತಿ ಏಕೆ ಬದಲಾಗಲಿಲ್ಲ? ಹಳೆಯ ಸ್ನೇಹಿತನನ್ನು ನಾವು ಕೈಬಿಡುವವರಲ್ಲ ಎಂದು ಚೀನಾಕ್ಕೆ ತೋರಿಸಬೇಕು ಎಂಬುದು ಆಗ ಹೊಸ ಕಾರಣವಾಯಿತು. ರಾಷ್ಟ್ರಹಿತ ಎಂಬ ಪದ ಎಷ್ಟು ಸುಲಭವಾಗಿ ಹಿಗ್ಗುತ್ತದೆ ನೋಡಿ! ಸ್ವಂತ ರಾಗದ್ವೇಷಗಳೂ ಅದರೊಳಗೆ ಹೊಕ್ಕಿದ್ದವು. ಶ್ವೇತಭವನದಲ್ಲಿ ಧ್ವನಿಮುದ್ರಿಸಿಕೊಂಡಿದ್ದ ಮಾತುಗಳು 2005ರಲ್ಲಿ ಪ್ರಕಟವಾದಾಗ, ಇಂದಿರಾ ಗಾಂಧಿಯವರನ್ನು ಆ ಇಬ್ಬರೂ ಎಂಥ ಹೀನ ಮಾತುಗಳಿಂದ ಬೈದಿದ್ದರೆಂಬುದು ಹೊರಬಂತು. ಆ ಮಾತುಗಳಿಗಾಗಿ ಕಿಸಿಂಜರ್ ಆಮೇಲೆ ವಿಷಾದ ವ್ಯಕ್ತಪಡಿಸಿದರು.

ಈ ನಡುವೆ ಗಡಿ ದಾಟಿ ಭಾರತಕ್ಕೆ ಬಂದವರು ವರ್ಷದ ಕೊನೆಯ ಹೊತ್ತಿಗೆ ಸುಮಾರು ಒಂದು ಕೋಟಿ. ತ್ರಿಪುರಾದಲ್ಲಂತೂ ಬಂದವರ ಸಂಖ್ಯೆ ಹೆಚ್ಚುಕಡಿಮೆ ಅಲ್ಲಿನ ಜನಸಂಖ್ಯೆಯಷ್ಟೇ ಆಯಿತು. (ರಾಯಚೂರು ಜಿಲ್ಲೆಯ ಸಿಂಧನೂರಿನ ಕಡೆಯವರಿಗೆ ಪೂರ್ವ ಬಂಗಾಳದ ನಿರಾಶ್ರಿತರೆಂದರೆ ದೂರದ ಮಾತಲ್ಲ. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ಕುಟುಂಬಗಳ ಪುನರ್ವಸತಿ ಶಿಬಿರಗಳು ಆ ತಾಲ್ಲೂಕಿನಲ್ಲಿವೆ.) ಸತ್ತವರೆಷ್ಟು ಎಂಬ ಬಗ್ಗೆ ಇಂದಿಗೂ ಒಮ್ಮತವಿಲ್ಲ. ಬಾಂಗ್ಲಾದೇಶ ಸರ್ಕಾರ ಹೇಳುವುದು 30 ಲಕ್ಷ; ಅದಕ್ಕಿಂತ ಬಹಳ ಕಡಿಮೆ ಎನ್ನುವ ಸಂಶೋಧಕರೂ ಇದ್ದಾರೆ.

ಅಮೆರಿಕವನ್ನು ದೂರಿದರೆ ನಮ್ಮ ಕೆಲಸ ಮುಗಿಯಿತೆಂದು ತಿಳಿಯಬೇಡಿ. 1971ರ ಆಗಸ್ಟ್ 9ರಂದು ಭಾರತ ಸೋವಿಯತ್ ಒಕ್ಕೂಟದೊಂದಿಗೆ ಮೈತ್ರಿ ಒಪ್ಪಂದ ಮಾಡಿಕೊಂಡಿತು. ಮುಂದೆ ಭದ್ರತಾ ಮಂಡಳಿಯಲ್ಲಿ ಕದನವಿರಾಮದ ನಿರ್ಣಯಗಳಿಗೆ ವೀಟೋ ಹಾಕಿ ನಮ್ಮನ್ನು ಕಾಪಾಡಿದ್ದು ಅದೇ ಸೋವಿಯತ್ ದೇಶ. ಅದು ಬಂಗಾಳಿಗಳ ಮೇಲಿನ ಕನಿಕರದಿಂದಲೆ? 1956ರಲ್ಲಿ ಹಂಗೆರಿಯಲ್ಲಿ, 1968ರಲ್ಲಿ ಚೆಕೊಸ್ಲೊವಾಕಿಯಾದಲ್ಲಿ ಟ್ಯಾಂಕು ಹರಿಸಿದವರು ಅವರೇ. ಹಂಗೆರಿಯ ವಿಷಯದಲ್ಲಿ ಮೊದಮೊದಲು ನಮ್ಮ ದನಿ ಸೂಯೆಜ್ ವಿಷಯದಲ್ಲಿದ್ದಷ್ಟು ಗಟ್ಟಿಯಾಗಿರಲಿಲ್ಲ ಎಂಬುದನ್ನೂ ಒಪ್ಪಿಕೊಳ್ಳಬೇಕು. ಭಾರತಕ್ಕೂ 1971ರಲ್ಲಿ ತನ್ನದೇ ಲಾಭವಿತ್ತು: ನಿರಾಶ್ರಿತರ ಹೊರೆ ಇಳಿಯಬೇಕಾಗಿತ್ತು, ಪಾಕಿಸ್ತಾನ ಕುಗ್ಗಿದರೆ ಬೇಡವೆನ್ನುವವರು ದೆಹಲಿಯಲ್ಲಿ ಯಾರೂ ಇರಲಿಲ್ಲ. ಆದರೆ ಲಾಭ ಇದ್ದ ಮಾತ್ರಕ್ಕೆ ನ್ಯಾಯ ಸುಳ್ಳಾಗುವುದಿಲ್ಲ. ಆ ವರ್ಷ ನಮ್ಮ ಮಟ್ಟಿಗೆ ಎರಡೂ ಒಂದೇ ದಾರಿಯಲ್ಲಿ ನಡೆದವು, ಅಷ್ಟೆ.

ಡಿಸೆಂಬರ್ 3ರಂದು ಯುದ್ಧ ಆರಂಭವಾಯಿತು. ಡಿಸೆಂಬರ್ 7ರಂದು ವಿಶ್ವಸಂಸ್ಥೆಯ ಸಾಮಾನ್ಯ ಸಭೆ, ಯುದ್ಧ ನಿಲ್ಲಿಸಿ ಸೈನ್ಯ ಹಿಂತೆಗೆಯಿರಿ ಎಂಬ ನಿರ್ಣಯವನ್ನು ಅಂಗೀಕರಿಸಿತು. ಪರ 104, ವಿರೋಧ 11, ತಟಸ್ಥ 10. ಈ 104 ದೇಶಗಳೂ ಹೃದಯಹೀನರೆ? ಒಂದು ದೇಶದ ಸೈನ್ಯ ಇನ್ನೊಂದರ ಗಡಿ ದಾಟಬಾರದು ಎಂಬ ನಿಯಮವೇ ತಮಗೆ ರಕ್ಷೆ ಎಂದು ಹೊಸದಾಗಿ ಸ್ವತಂತ್ರವಾದ ಅನೇಕ ಚಿಕ್ಕ ರಾಷ್ಟ್ರಗಳು ನಂಬಿದ್ದವು. ಗಡಿಯ ಪಾವಿತ್ರ್ಯ ಒಂದು ನೀತಿ. ಗಡಿಯೊಳಗೆ ಕೊಲೆಯಾಗುತ್ತಿರುವವರ ಪ್ರಾಣ ಇನ್ನೊಂದು ನೀತಿ. ನನ್ನ ದೃಷ್ಟಿಯಲ್ಲಿ ಕಠಿಣವಾದ ಪ್ರಶ್ನೆ ಇರುವುದು ಇಲ್ಲಿ, ನಿಕ್ಸನ್ನರ ಲೆಕ್ಕಾಚಾರದಲ್ಲಿ ಅಲ್ಲ. ತರಗತಿಯಲ್ಲಿ ಚರ್ಚೆಗೆ ಇಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ಮುಂದಿನದನ್ನು ಬೇಗ ಹೇಳಿಬಿಡುತ್ತೇನೆ. ಕಾನೂನು ಅಡ್ಡಬರುತ್ತದೆ ಎಂದು ಅಧಿಕಾರಿಗಳು ಹೇಳಿದರೂ ಕೇಳದೆ, ಜೋರ್ಡಾನಿನಲ್ಲಿದ್ದ ಅಮೆರಿಕನ್ ಯುದ್ಧವಿಮಾನಗಳು ಪಾಕಿಸ್ತಾನಕ್ಕೆ ಹೋಗುವಂತೆ ನಿಕ್ಸನ್ ಮಾಡಿದರು. ಎಂಟರ್‌ಪ್ರೈಸ್ ಎಂಬ ಅಣುಚಾಲಿತ ವಿಮಾನವಾಹಕ ನೌಕೆ ಬಂಗಾಳ ಕೊಲ್ಲಿಗೆ ಬಂತು. ಡಿಸೆಂಬರ್ 16ರಂದು ಢಾಕಾದಲ್ಲಿ ಪಾಕಿಸ್ತಾನದ ಸೇನೆ ಶರಣಾಯಿತು. ಸೆರೆಯಾದವರು ಸುಮಾರು 93,000. ಬ್ಲಡ್ ಬರೆದಿದ್ದ ಲೆಕ್ಕವೇ ನಿಜವಾಯಿತು. 1972ರ ಫೆಬ್ರವರಿಯಲ್ಲಿ ನಿಕ್ಸನ್ ಚೀನಾ ಪ್ರವಾಸವೂ ಆಯಿತು, ಆದ್ದರಿಂದ ಅವರ ಲೆಕ್ಕ ಪೂರಾ ತಪ್ಪಿತೆನ್ನಲೂ ಆಗದು. ಆದರೆ ಅದಕ್ಕಾಗಿ ದಕ್ಷಿಣ ಏಷ್ಯಾದಲ್ಲಿ ಅಮೆರಿಕ ತೆತ್ತ ಬೆಲೆ ಸಣ್ಣದಲ್ಲ: ಭಾರತ ಇನ್ನಷ್ಟು ಸೋವಿಯತ್ ಕಡೆಗೆ ವಾಲಿತು. ಎಂಟರ್‌ಪ್ರೈಸ್ ಎಂಬ ಹೆಸರನ್ನು ನಮ್ಮವರು ಬಹುಕಾಲ ಮರೆಯಲಿಲ್ಲ.

ಬ್ಲಡ್ ಅವರನ್ನು ಯುದ್ಧಕ್ಕೆ ಎಷ್ಟೋ ಮುಂಚೆಯೇ ಢಾಕಾದಿಂದ ವಾಪಸ್ಸು ಕರೆಸಿಕೊಂಡು, ವಾಷಿಂಗ್‌ಟನ್ನಿನಲ್ಲಿ ಸಿಬ್ಬಂದಿ ವಿಭಾಗದ ಕೆಲಸಕ್ಕೆ ಹಾಕಿದ್ದರು. ಅವರ ವೃತ್ತಿಜೀವನ ಮತ್ತೆ ಚಿಗುರಲಿಲ್ಲ. 1972ರ ಏಪ್ರಿಲ್‌ನಲ್ಲಿ ಅಮೆರಿಕ ಬಾಂಗ್ಲಾದೇಶಕ್ಕೆ ಮಾನ್ಯತೆ ನೀಡಿತು. 1974ರ ಅಕ್ಟೋಬರಿನಲ್ಲಿ ಕಿಸಿಂಜರ್ ಅವರೇ ಢಾಕಾಕ್ಕೆ ಹೋಗಿ ಮುಜೀಬರನ್ನು ಕಂಡರು. ಬ್ಲಡ್ 2004ರಲ್ಲಿ ತೀರಿಕೊಂಡರು. ಮರುವರ್ಷ ಢಾಕಾದ ಅಮೆರಿಕನ್ ಸೆಂಟರ್ ಗ್ರಂಥಾಲಯಕ್ಕೆ ಅವರ ಹೆಸರಿಟ್ಟರು.