ಅಮೆರಿಕದ ಕಾಲೇಜು ಪ್ರವೇಶ: ‘ಸೇಫ್ಟಿ ಸ್ಕೂಲ್’ ಆರಿಸುವುದು ಹೇಗೆ, ಬೆಲೆ ಕಟ್ಟುವುದು ಹೇಗೆ?

ಅಮೆರಿಕದ ಕಾಲೇಜುಗಳಲ್ಲಿ ಪದವಿ ವ್ಯಾಸಂಗಕ್ಕೆ ಅರ್ಜಿ ಸಲ್ಲಿಸುವ ವಿದ್ಯಾರ್ಥಿಗಳು ತಮ್ಮ ಪಟ್ಟಿಯನ್ನು ಸಾಮಾನ್ಯವಾಗಿ ಮೂರು ಭಾಗ ಮಾಡಿಕೊಳ್ಳುತ್ತಾರೆ. ಸಿಗುವುದು ಕಷ್ಟವೆಂದು ತಿಳಿದೂ ಆಸೆಯಿಂದ ಅರ್ಜಿ ಹಾಕುವಂಥವು ‘ರೀಚ್’. ವಿದ್ಯಾರ್ಥಿಯ ಅಂಕ ಮತ್ತು ಸಾಧನೆಗೆ ಸರಿಹೊಂದುವಂಥವು ‘ಮ್ಯಾಚ್’. ಪ್ರವೇಶ ದೊರೆತೇ ದೊರೆಯುತ್ತದೆಂದು ನೆಚ್ಚಬಹುದಾದಂಥವು ‘ಸೇಫ್ಟಿ’. ಆ ದೇಶದ ಆಡುಮಾತಿನಲ್ಲಿ ಕಾಲೇಜನ್ನೂ ‘ಸ್ಕೂಲ್’ ಎಂದೇ ಕರೆಯುವುದರಿಂದ ಈ ಕೊನೆಯ ವರ್ಗಕ್ಕೆ ‘ಸೇಫ್ಟಿ ಸ್ಕೂಲ್’ ಎಂಬ ಹೆಸರು ಬಂದಿದೆ. ಕನ್ನಡದಲ್ಲಿ ಇದನ್ನು ‘ಭರವಸೆಯ ಕಾಲೇಜು’ ಎನ್ನಬಹುದು.

ಮೊದಲ ಎರಡು ವರ್ಗಗಳಿಗೆ ತಿಂಗಳುಗಟ್ಟಲೆ ಚರ್ಚೆ ನಡೆಸುವ ಕುಟುಂಬಗಳು ಮೂರನೆಯದನ್ನು ಕೊನೆಯ ವಾರದಲ್ಲಿ, ಹೆಸರಿಗೆ ಒಂದಿರಲಿ ಎಂಬಂತೆ ಸೇರಿಸಿಬಿಡುತ್ತವೆ. ಪರಿಣಾಮವು ಮಾರ್ಚ್ ಕೊನೆಯಲ್ಲಿ ತಿಳಿಯುತ್ತದೆ. ಆಸೆಪಟ್ಟ ಕಾಲೇಜುಗಳಿಂದ ನಿರಾಕರಣೆ ಬಂದ ಮೇಲೆ ಕೈಯಲ್ಲಿ ಉಳಿಯುವುದು ಆ ಒಂದೇ ಪತ್ರ. ಅಲ್ಲಿಗೆ ಹೋಗಲು ಮಗುವಿಗೆ ಮನಸ್ಸಿಲ್ಲ, ಅಥವಾ ಅಲ್ಲಿನ ಶುಲ್ಕ ಭರಿಸಲು ಮನೆಯವರಿಗೆ ಸಾಧ್ಯವಿಲ್ಲ. ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗ ಕುಟುಂಬಗಳಿಗೂ, ಇಲ್ಲಿಂದಲೇ ಅರ್ಜಿ ಹಾಕುವ ವಿದ್ಯಾರ್ಥಿಗಳಿಗೂ ಉಪಯುಕ್ತವಾಗಲೆಂದು ಈ ವಿಷಯದ ಮುಖ್ಯಾಂಶಗಳನ್ನು ಇಲ್ಲಿ ಕೊಡಲಾಗಿದೆ.

ರ‍್ಯಾಂಕ್ ಇಲ್ಲದ ವ್ಯವಸ್ಥೆ

ನಮ್ಮ ಸಿಇಟಿ ಪದ್ಧತಿಗೆ ಒಗ್ಗಿಕೊಂಡ ಪೋಷಕರು ಮೊದಲು ಅರಿಯಬೇಕಾದದ್ದು ಎರಡು ವ್ಯವಸ್ಥೆಗಳ ಮೂಲಭೂತ ವ್ಯತ್ಯಾಸ. ಸಿಇಟಿಯಲ್ಲಿ ರ‍್ಯಾಂಕ್ ಇದೆ. ಹಿಂದಿನ ವರ್ಷ ಯಾವ ಕಾಲೇಜಿನ ಸೀಟು ಯಾವ ರ‍್ಯಾಂಕಿಗೆ ಮುಗಿಯಿತೆಂಬ ಪಟ್ಟಿಯೂ ಇದೆ. ಅದನ್ನು ನೋಡಿದವರು ತಮಗೆ ಎಲ್ಲಿ ಸೀಟು ಸಿಗಬಹುದೆಂದು ಬಹುಮಟ್ಟಿಗೆ ಊಹಿಸಬಲ್ಲರು. ಅಮೆರಿಕದಲ್ಲಿ ಅಂತಹ ಒಂದೇ ಅಳತೆಗೋಲಿಲ್ಲ. ಪ್ರತಿಷ್ಠಿತ ಖಾಸಗಿ ಕಾಲೇಜುಗಳು ಅಂಕಗಳ ಜೊತೆಗೆ ಪ್ರಬಂಧ, ಶಿಕ್ಷಕರ ಶಿಫಾರಸು ಪತ್ರ, ಪಠ್ಯೇತರ ಚಟುವಟಿಕೆ ಎಲ್ಲವನ್ನೂ ಒಟ್ಟಿಗೆ ತೂಗುತ್ತವೆ. ಈಚಿನ ವರ್ಷಗಳಲ್ಲಿ ಹಾರ್ವರ್ಡ್ ಮತ್ತು ಸ್ಟಾನ್‌ಫರ್ಡ್‌ಗಳಲ್ಲಿ ಅರ್ಜಿ ಹಾಕಿದ 100 ಮಂದಿಯಲ್ಲಿ ಪ್ರವೇಶ ಪಡೆದವರು 5ಕ್ಕಿಂತ ಕಡಿಮೆ. ತಿರಸ್ಕೃತರಾದವರಲ್ಲಿ ಶಾಲೆಗೇ ಮೊದಲಿಗರಾದವರೂ ಇರುತ್ತಾರೆ.

ಆದ್ದರಿಂದ ಒಂದು ನಿಯಮವನ್ನು ಗಟ್ಟಿಯಾಗಿ ಹಿಡಿಯಬೇಕು. ಅರ್ಜಿದಾರರಲ್ಲಿ ಐದನೆಯ ಒಂದು ಭಾಗಕ್ಕಿಂತ ಕಡಿಮೆ ಮಂದಿಯನ್ನು ಸೇರಿಸಿಕೊಳ್ಳುವ ಕಾಲೇಜು ಎಂಥ ಪ್ರತಿಭಾವಂತನ ಪಾಲಿಗೂ ‘ಸೇಫ್ಟಿ’ ಆಗಲಾರದು. ಇಂಥ ಹತ್ತು ಕಾಲೇಜುಗಳಿಗೆ ಅರ್ಜಿ ಹಾಕಿದರೆ ಒಂದಾದರೂ ಒಲಿಯುತ್ತದೆ ಎಂಬ ಲೆಕ್ಕವೂ ನೆಚ್ಚುವಂಥದ್ದಲ್ಲ. ಒಂದು ಕಾಲೇಜು ಕಂಡ ಕೊರತೆಯನ್ನೇ ಉಳಿದ ಒಂಬತ್ತೂ ಕಾಣಬಹುದು. ಸಾವಿರಕ್ಕೂ ಹೆಚ್ಚು ಕಾಲೇಜುಗಳು ಬಳಸುವ ‘ಕಾಮನ್ ಅಪ್ಲಿಕೇಶನ್’ ಮೂಲಕ ಒಬ್ಬರು 20 ಕಾಲೇಜುಗಳವರೆಗೆ ಅರ್ಜಿ ಸಲ್ಲಿಸಬಹುದು. ಆದರೆ ಸಂಖ್ಯೆ ಹೆಚ್ಚಿದಷ್ಟೂ ಶುಲ್ಕ ಹೆಚ್ಚುತ್ತದೆ, ಬರೆಯಬೇಕಾದ ಪ್ರಬಂಧಗಳೂ ಹೆಚ್ಚುತ್ತವೆ. ಭರವಸೆಯನ್ನು ಸಂಖ್ಯೆಯಿಂದ ಪಡೆಯಲಾಗದು.

ಭರವಸೆಗೆ ಮೂರು ಒರೆಗಲ್ಲು

ಒಂದು ಕಾಲೇಜನ್ನು ನಿಜವಾದ ಸೇಫ್ಟಿ ಎನ್ನಬೇಕಾದರೆ ಅದು ಮೂರು ಪ್ರಶ್ನೆಗಳಿಗೆ ‘ಹೌದು’ ಎಂಬ ಉತ್ತರ ಕೊಡಬೇಕು. ಪ್ರವೇಶ ಖಚಿತವೇ? ಯಾವ ವಿದ್ಯಾರ್ಥಿವೇತನವೂ ಹೆಚ್ಚುವರಿಯಾಗಿ ದೊರೆಯದಿದ್ದರೂ ಖರ್ಚು ಭರಿಸಲು ಸಾಧ್ಯವೇ? ಉಳಿದೆಲ್ಲ ಬಾಗಿಲು ಮುಚ್ಚಿದರೆ ವಿದ್ಯಾರ್ಥಿ ಅಲ್ಲಿಗೆ ಸಮಾಧಾನದಿಂದ ಹೋಗಿ ನಾಲ್ಕು ವರ್ಷ ಓದಬಲ್ಲನೇ? ಮೂರರಲ್ಲಿ ಒಂದು ತಪ್ಪಿದರೂ ಅದು ಪಟ್ಟಿಯಲ್ಲಿನ ಇನ್ನೊಂದು ಹೆಸರಷ್ಟೇ.

ಪ್ರವೇಶದ ಖಾತರಿ ಎಲ್ಲಿದೆ?

ಅತ್ಯಂತ ನಂಬಿಕಸ್ಥ ಸೇಫ್ಟಿ ಎಂದರೆ ನಿಯಮದ ಮೂಲಕವೇ ಪ್ರವೇಶ ಕೊಡುವ ಸರ್ಕಾರಿ ವಿಶ್ವವಿದ್ಯಾನಿಲಯ. ಟೆಕ್ಸಾಸ್ ರಾಜ್ಯದಲ್ಲಿ 1997ರಲ್ಲಿ ಜಾರಿಗೆ ಬಂದ ಕಾನೂನಿನ ಪ್ರಕಾರ ಆ ರಾಜ್ಯದ ಹೈಸ್ಕೂಲುಗಳಲ್ಲಿ ಮೊದಲ ಶೇ. 10ರೊಳಗೆ ಬರುವ ವಿದ್ಯಾರ್ಥಿಗಳಿಗೆ ಸರ್ಕಾರಿ ವಿಶ್ವವಿದ್ಯಾನಿಲಯಗಳಲ್ಲಿ ನೇರ ಪ್ರವೇಶವಿದೆ. ಬೇಡಿಕೆ ಅತಿಯಾಗಿರುವ ಆಸ್ಟಿನ್‌ನ ಟೆಕ್ಸಾಸ್ ವಿಶ್ವವಿದ್ಯಾನಿಲಯಕ್ಕೆ ಮಾತ್ರ ಈ ಮಿತಿ ಬಿಗಿಯಾಗಿದ್ದು, 2026ರ ಪ್ರವೇಶದಿಂದ ಅದನ್ನು ಶೇ. 5ಕ್ಕೆ ಇಳಿಸಲಾಗಿದೆ. ಅರಿಜೋನಾ ಸ್ಟೇಟ್ ವಿಶ್ವವಿದ್ಯಾನಿಲಯದಂಥವು ತಮಗೆ ಬೇಕಾದ ಕನಿಷ್ಠ ಅರ್ಹತೆಯನ್ನು ಬಹಿರಂಗವಾಗಿ ಪ್ರಕಟಿಸುತ್ತವೆ.

ಕ್ಯಾಲಿಫೋರ್ನಿಯಾದಲ್ಲಿ ಇನ್ನೊಂದು ಬಗೆ. ರಾಜ್ಯದ ನಿವಾಸಿಗಳಲ್ಲಿ ಮೊದಲ ಶೇ. 9ರೊಳಗಿನವರಿಗೆ ತಾವು ಕೇಳಿದ ಆವರಣಗಳಲ್ಲಿ ಸ್ಥಳ ಸಿಗದಿದ್ದರೆ, ಸ್ಥಳವಿರುವ ಬೇರೊಂದು ಆವರಣದಲ್ಲಿ ಅವಕಾಶ ಕೊಡುವುದಾಗಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯ ಹೇಳುತ್ತದೆ. ಅದು ಬಹುಮಟ್ಟಿಗೆ ಮರ್ಸೆಡ್. ಬರ್ಕ್‌ಲಿ ಅಥವಾ ಲಾಸ್ ಏಂಜಲೀಸ್ ಆವರಣ ಸಿಗುತ್ತದೆಂಬ ಭರವಸೆ ಇದರಲ್ಲಿಲ್ಲ.

ಉಳಿದ ಕಾಲೇಜುಗಳ ವಿಷಯದಲ್ಲಿ ‘ಕಾಮನ್ ಡೇಟಾ ಸೆಟ್’ ಎಂಬ ದಾಖಲೆಯನ್ನು ನೋಡಬೇಕು. ಬಹುತೇಕ ಕಾಲೇಜುಗಳು ಇದನ್ನು ಪ್ರತಿವರ್ಷ ತಮ್ಮ ಜಾಲತಾಣದಲ್ಲಿ ಪ್ರಕಟಿಸುತ್ತವೆ. ಅದರ ‘ಸಿ’ ವಿಭಾಗದಲ್ಲಿ ಎಷ್ಟು ಅರ್ಜಿ ಬಂದವು, ಎಷ್ಟು ಮಂದಿಗೆ ಪ್ರವೇಶ ಕೊಡಲಾಯಿತು, ಸೇರಿದವರ ಅಂಕಗಳ ವ್ಯಾಪ್ತಿ ಏನು ಎಂಬ ವಿವರಗಳಿರುತ್ತವೆ. ಅಂಕಗಳನ್ನು ಓದುವಾಗ ಒಂದು ಎಚ್ಚರ ಅಗತ್ಯ. 2020ರ ನಂತರ ಅನೇಕ ಕಾಲೇಜುಗಳು ಸ್ಯಾಟ್ ಅಂಕವನ್ನು ಐಚ್ಛಿಕಗೊಳಿಸಿದವು. ಎಂಐಟಿ 2022ರಲ್ಲಿ, ಹಾರ್ವರ್ಡ್, ಡಾರ್ಟ್‌ಮತ್ ಮೊದಲಾದವು 2024ರಲ್ಲಿ ಪರೀಕ್ಷೆಯನ್ನು ಮತ್ತೆ ಕಡ್ಡಾಯಗೊಳಿಸುವ ನಿರ್ಧಾರ ಪ್ರಕಟಿಸಿದವು. ಐಚ್ಛಿಕವಾಗಿರುವ ಕಡೆ ಕಡಿಮೆ ಅಂಕದವರು ಅದನ್ನು ಸಲ್ಲಿಸುವುದೇ ಇಲ್ಲವಾದ್ದರಿಂದ, ಪ್ರಕಟವಾದ ವ್ಯಾಪ್ತಿ ಸೇರಿದವರೆಲ್ಲರ ಮಟ್ಟವನ್ನು ತೋರಿಸುವುದಿಲ್ಲ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯವಂತೂ ಪ್ರವೇಶ ನಿರ್ಧಾರಕ್ಕೆ ಸ್ಯಾಟ್ ಅಂಕವನ್ನು ಪರಿಗಣಿಸುವುದೇ ಇಲ್ಲ.

ಇದೇ ‘ಸಿ’ ವಿಭಾಗದಲ್ಲಿ, ಅರ್ಜಿದಾರ ತೋರಿದ ಆಸಕ್ತಿಗೆ ಕಾಲೇಜು ಎಷ್ಟು ಮಹತ್ವ ಕೊಡುತ್ತದೆ ಎಂಬ ಅಂಶವೂ ಇದೆ. ಕರೆದರೂ ಬಾರದವನೆಂದು ಕಂಡುಬಂದ ಉತ್ತಮ ವಿದ್ಯಾರ್ಥಿಯನ್ನು ಕೆಲವು ಖಾಸಗಿ ಕಾಲೇಜುಗಳು ಕಾಯುವ ಪಟ್ಟಿಗೆ ತಳ್ಳುತ್ತವೆ ಎಂಬ ಮಾತು ಬಹುಕಾಲದಿಂದ ಇದೆ. ಆಸಕ್ತಿಗೆ ಮಹತ್ವ ಕೊಡುವ ಕಾಲೇಜನ್ನು ಸೇಫ್ಟಿಯೆಂದು ಆರಿಸಿದವರು ಅದರ ಮಾಹಿತಿ ಸಭೆಗಳಲ್ಲಿ ಭಾಗವಹಿಸಿ, ಅದಕ್ಕೆಂದೇ ಕೇಳಿದ ಪ್ರಬಂಧವನ್ನು ಶ್ರದ್ಧೆಯಿಂದ ಬರೆಯಬೇಕು. ಉದಾಸೀನದಿಂದ ಹಾಕಿದ ಅರ್ಜಿಗೆ ಉದಾಸೀನದ ಉತ್ತರವೇ ಬರುವ ಸಂಭವವಿದೆ.

ವಿಶ್ವವಿದ್ಯಾನಿಲಯ ಬೇರೆ, ವಿಭಾಗ ಬೇರೆ

ಕಂಪ್ಯೂಟರ್ ವಿಜ್ಞಾನ ಅಥವಾ ಇಂಜಿನಿಯರಿಂಗ್ ಬಯಸುವವರು, ಅಂದರೆ ನಮ್ಮವರಲ್ಲಿ ಬಹುಪಾಲು ಮಂದಿ, ಹೆಚ್ಚಾಗಿ ಎಡವುವುದು ಇಲ್ಲಿ. ವಿಶ್ವವಿದ್ಯಾನಿಲಯದ ಒಟ್ಟು ಪ್ರವೇಶ ಪ್ರಮಾಣ ಉದಾರವಾಗಿದ್ದರೂ ಕಂಪ್ಯೂಟರ್ ವಿಜ್ಞಾನ ವಿಭಾಗದ ಬಾಗಿಲು ಅತ್ಯಂತ ಕಿರಿದಾಗಿರಬಹುದು. ಇಲಿನಾಯ್ (ಅರ್ಬಾನಾ-ಶಾಂಪೇನ್) ಮತ್ತು ವಾಷಿಂಗ್ಟನ್ (ಸಿಯಾಟಲ್) ವಿಶ್ವವಿದ್ಯಾನಿಲಯಗಳು ಇದಕ್ಕೆ ಪ್ರಸಿದ್ಧ ನಿದರ್ಶನಗಳು. ಬೇರೆ ವಿಷಯಕ್ಕೆ ಸೇರಿ ಆಮೇಲೆ ಬದಲಾಯಿಸಿಕೊಳ್ಳೋಣ ಎಂಬ ಉಪಾಯ ಅಂಥ ಕಡೆ ಸುಲಭವಾಗಿ ನಡೆಯದು. ಟೆಕ್ಸಾಸಿನ ಕಾನೂನು ಕೂಡ ವಿಶ್ವವಿದ್ಯಾನಿಲಯಕ್ಕೆ ಪ್ರವೇಶ ಕೊಡುತ್ತದೆಯೇ ಹೊರತು ಬಯಸಿದ ವಿಭಾಗಕ್ಕಲ್ಲ. ಆದ್ದರಿಂದ ‘ಈ ವಿಭಾಗಕ್ಕೆ ನೇರ ಪ್ರವೇಶವಿದೆಯೇ, ಇಲ್ಲದಿದ್ದರೆ ಒಳಗಿನಿಂದ ಬದಲಾಯಿಸಲು ನಿಯಮವೇನು’ ಎಂದು ಮೊದಲೇ ಬರಹದಲ್ಲಿ ಕೇಳಿ ತಿಳಿಯುವುದು ಕ್ಷೇಮ.

ಹಣದ ಲೆಕ್ಕ

ಪ್ರವೇಶ ಸಿಕ್ಕಿಯೂ ಶುಲ್ಕ ಕಟ್ಟಲಾಗದಿದ್ದರೆ ಅದು ಸೇಫ್ಟಿಯಲ್ಲ. 2011ರಿಂದ ಅಮೆರಿಕದ ಕಾಲೇಜುಗಳು ತಮ್ಮ ಜಾಲತಾಣದಲ್ಲಿ ‘ನೆಟ್ ಪ್ರೈಸ್ ಕ್ಯಾಲ್ಕ್ಯುಲೇಟರ್’ ಇಡುವುದು ಕಾನೂನಿನ ಪ್ರಕಾರ ಕಡ್ಡಾಯವಾಗಿದೆ. ಕುಟುಂಬದ ಆದಾಯ ಮೊದಲಾದ ವಿವರ ತುಂಬಿದರೆ, ನೆರವು ಕಳೆದು ನಿಜವಾಗಿ ಎಷ್ಟು ಕಟ್ಟಬೇಕಾದೀತೆಂಬ ಅಂದಾಜು ದೊರೆಯುತ್ತದೆ. ಅರ್ಜಿ ಹಾಕುವ ಮುನ್ನವೇ ಈ ಲೆಕ್ಕ ಮಾಡಿಡಬೇಕು.

ಎಚ್-1ಬಿ ವೀಸಾದ ಮೇಲಿರುವ ಕುಟುಂಬಗಳಿಗೆ ಹೆಚ್ಚಿನ ಎಚ್ಚರಿಕೆ ಬೇಕು. ಎಚ್-4 ವೀಸಾದ ಮಕ್ಕಳು ಅಲ್ಲೇ ಬೆಳೆದು ಅಲ್ಲೇ ಓದಿದ್ದರೂ ಕೇಂದ್ರ ಸರ್ಕಾರದ ವಿದ್ಯಾರ್ಥಿ ನೆರವಿಗೆ ಅರ್ಹರಲ್ಲ. ರಾಜ್ಯದ ನಿವಾಸಿಗಳಿಗಿರುವ ಕಡಿಮೆ ಶುಲ್ಕ ಅವರಿಗೆ ದೊರೆಯುವುದೇ ಎಂಬುದು ರಾಜ್ಯದಿಂದ ರಾಜ್ಯಕ್ಕೆ ಬೇರೆ. 21 ವರ್ಷ ತುಂಬಿದಾಗ ಎಚ್-4 ಮುಗಿಯುತ್ತದೆ. ಅಷ್ಟರಲ್ಲಿ ಹಸಿರು ಕಾರ್ಡ್ ಬಾರದಿದ್ದರೆ ಅವರು ವಿದ್ಯಾರ್ಥಿ ವೀಸಾಕ್ಕೆ ಬದಲಾಗಬೇಕಾಗುತ್ತದೆ. ಪದವಿಯ ನಡುವೆ ಹೀಗಾದರೆ ಶುಲ್ಕದ ದರ ಏನಾಗುತ್ತದೆಂದು ಸೇಫ್ಟಿ ಕಾಲೇಜಿನ ಕಚೇರಿಯನ್ನು ಕೇಳಿಯೇ ತೀರಬೇಕು.

ಹಣದ ವಿಷಯದಲ್ಲಿ ಸೇಫ್ಟಿ ಕಾಲೇಜುಗಳಿಗೆ ಒಂದು ಅನುಕೂಲವೂ ಇದೆ. ಅಗ್ರಶ್ರೇಣಿಯ ಐವಿ ಲೀಗ್ ಕಾಲೇಜುಗಳು ಪ್ರತಿಭೆಯನ್ನಷ್ಟೇ ನೋಡಿ ವಿದ್ಯಾರ್ಥಿವೇತನ ಕೊಡುವುದಿಲ್ಲ. ಕುಟುಂಬದ ಅಗತ್ಯವನ್ನು ನೋಡಿ ಕೊಡುತ್ತವೆ. ಅಲಬಾಮಾ ವಿಶ್ವವಿದ್ಯಾನಿಲಯದಂತಹ ಸರ್ಕಾರಿ ಸಂಸ್ಥೆಗಳಾದರೋ ಒಳ್ಳೆಯ ಅಂಕದ ಹೊರರಾಜ್ಯದ ವಿದ್ಯಾರ್ಥಿಗಳನ್ನು ಸೆಳೆಯಲು ಪ್ರತಿಭಾ ವೇತನವನ್ನು ಉದಾರವಾಗಿ ಕೊಡುತ್ತ ಬಂದಿವೆ.

ಬೆಲೆ ಕಟ್ಟುವ ಬಗೆ

ಮೂರನೆಯ ಒರೆಗಲ್ಲು ಮನಸ್ಸಿಗೆ ಸಂಬಂಧಿಸಿದ್ದು. ನಾಲ್ಕು ಜನರ ಮುಂದೆ ಹೇಳಿಕೊಳ್ಳಲು ಹೆಸರು ಸಾಲದು ಎಂಬ ಸಂಕೋಚದಿಂದಲೇ ಒಳ್ಳೆಯ ಕಾಲೇಜುಗಳು ಪಟ್ಟಿಯಿಂದ ಹೊರಗುಳಿಯುತ್ತವೆ. ಹೆಸರಿಗಿಂತ ಪ್ರಯೋಜನಕಾರಿಯಾದ ಪ್ರಶ್ನೆಗಳು ಹಲವಿವೆ. ಸೇರಿದವರಲ್ಲಿ ಎಷ್ಟು ಮಂದಿ ಪದವಿ ಮುಗಿಸುತ್ತಾರೆ? ಇಂಜಿನಿಯರಿಂಗ್ ಪದವಿಗೆ ‘ಅಬೆಟ್’ ಮಾನ್ಯತೆ ಇದೆಯೇ? ಹೈಸ್ಕೂಲಿನಲ್ಲಿ ಮುಗಿಸಿದ ಎಪಿ ವಿಷಯಗಳಿಗೆ ಕ್ರೆಡಿಟ್ ಕೊಡುತ್ತಾರೆಯೇ? ಪದವಿ ವಿದ್ಯಾರ್ಥಿಗೂ ಸಂಶೋಧನೆಯಲ್ಲಿ ಕೈಜೋಡಿಸಲು ಅವಕಾಶವಿದೆಯೇ? ದೊಡ್ಡ ಸರ್ಕಾರಿ ವಿಶ್ವವಿದ್ಯಾನಿಲಯಗಳೊಳಗೆ ‘ಆನರ್ಸ್ ಕಾಲೇಜ್’ ಎಂಬ ವಿಶೇಷ ವಿಭಾಗಗಳಿವೆ. ಅರಿಜೋನಾ ಸ್ಟೇಟ್‌ನ ಬ್ಯಾರೆಟ್ ಕಾಲೇಜು ಅವುಗಳಲ್ಲಿ ಹೆಸರಾದದ್ದು. ಚಿಕ್ಕ ತರಗತಿ, ಹತ್ತಿರದ ಮಾರ್ಗದರ್ಶನ ಅಲ್ಲಿ ದೊರೆಯುತ್ತದೆ. ಇಂಥ ವಿಭಾಗಗಳಿಗೆ ಪ್ರತ್ಯೇಕ ಅರ್ಜಿ, ಪ್ರತ್ಯೇಕ ಆಯ್ಕೆ ಇರುತ್ತದೆಂಬುದನ್ನು ಮರೆಯಬಾರದು.

ಹೆಸರು ಕಾಲದೊಡನೆ ಬದಲಾಗುತ್ತದೆ ಎಂಬುದಕ್ಕೆ ಮೇಲೆ ಹೇಳಿದ ಮರ್ಸೆಡ್ ಸಾಕ್ಷಿ. 2005ರಲ್ಲಷ್ಟೇ ತೆರೆದ ಆ ಆವರಣ 2025ರಲ್ಲಿ ಕಾರ್ನೆಗೀ ವರ್ಗೀಕರಣದ ಅತ್ಯುನ್ನತ ಸಂಶೋಧನಾ ಶ್ರೇಣಿಯಾದ ‘ಆರ್1’ಗೆ ಏರಿತು.

ಗಳಿಕೆಯ ವಿಷಯದಲ್ಲಿ ಅರ್ಥಶಾಸ್ತ್ರಜ್ಞರ ಅಧ್ಯಯನಗಳಿವೆ. ಸ್ಟೇಸಿ ಡೇಲ್ ಮತ್ತು ಅಲನ್ ಕ್ರೂಗರ್ 2002ರಲ್ಲಿ ಪ್ರಕಟಿಸಿದ ಅಧ್ಯಯನವು, ಸಮಾನ ಸಾಮರ್ಥ್ಯ ಮತ್ತು ಸಮಾನ ಆಕಾಂಕ್ಷೆಯ ವಿದ್ಯಾರ್ಥಿಗಳಲ್ಲಿ ಹೆಚ್ಚು ಪ್ರತಿಷ್ಠಿತ ಕಾಲೇಜಿಗೆ ಹೋದವರಿಗೂ ಹೋಗದವರಿಗೂ ಮುಂದಿನ ಗಳಿಕೆಯಲ್ಲಿ ಸರಾಸರಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲವೆಂದು ಕಂಡುಕೊಂಡಿತು. ಬಡ ಕುಟುಂಬದಿಂದ ಬಂದವರಿಗೆ ಮಾತ್ರ ಪ್ರತಿಷ್ಠಿತ ಕಾಲೇಜಿನಿಂದ ಲಾಭ ಕಂಡುಬಂತು. 2023ರಲ್ಲಿ ರಾಜ್ ಚೆಟ್ಟಿ, ಡೇವಿಡ್ ಡೆಮಿಂಗ್ ಮತ್ತು ಜಾನ್ ಫ್ರೀಡ್‌ಮನ್ ನಡೆಸಿದ ಅಧ್ಯಯನ ಇದಕ್ಕೆ ಒಂದು ತಿದ್ದುಪಡಿ ಸೇರಿಸಿತು. ಐವಿ ಲೀಗ್ ಮತ್ತು ಅದಕ್ಕೆ ಸಮನಾದ ನಾಲ್ಕು ಸಂಸ್ಥೆಗಳಲ್ಲಿ ಓದುವುದರಿಂದ ಸರಾಸರಿ ಗಳಿಕೆ ಹೆಚ್ಚು ಬದಲಾಗದಿದ್ದರೂ, ಗಳಿಕೆಯ ತುತ್ತತುದಿಯಾದ ಶೇ. 1ರ ವರ್ಗಕ್ಕೆ ಏರುವ ಸಾಧ್ಯತೆ ಗಣನೀಯವಾಗಿ ಹೆಚ್ಚುತ್ತದೆ ಎಂದು ಅದು ತೋರಿಸಿತು. ದೊಡ್ಡ ಹೆಸರಿಗೆ ಬೆಲೆಯೇ ಇಲ್ಲ ಎನ್ನುವುದು ಸರಿಯಲ್ಲ. ಅದಿಲ್ಲದೆ ಬದುಕೇ ಇಲ್ಲ ಎನ್ನುವುದು ಇನ್ನೂ ತಪ್ಪು.

ಸಂಸ್ಥೆಯ ಬಾಳಿಕೆಯನ್ನೂ ನೋಡಬೇಕು. ಫಿಲಡೆಲ್ಫಿಯಾದ ಯೂನಿವರ್ಸಿಟಿ ಆಫ್ ದಿ ಆರ್ಟ್ಸ್ 2024ರ ಜೂನ್‌ನಲ್ಲಿ ಒಂದೇ ವಾರದ ಮುನ್ಸೂಚನೆ ಕೊಟ್ಟು ಮುಚ್ಚಿಹೋಯಿತು. ವಿದ್ಯಾರ್ಥಿಗಳ ಸಂಖ್ಯೆ ವರ್ಷದಿಂದ ವರ್ಷಕ್ಕೆ ಕುಸಿಯುತ್ತಿರುವ ಸಣ್ಣ ಖಾಸಗಿ ಕಾಲೇಜು ಸುಲಭವಾಗಿ ಪ್ರವೇಶ ಕೊಟ್ಟರೂ ಅದನ್ನು ಭರವಸೆಯ ಕಾಲೇಜು ಎನ್ನಲಾಗದು.

ಸಮುದಾಯ ಕಾಲೇಜಿನ ದಾರಿ

ನಮ್ಮವರು ಕೀಳಾಗಿ ಕಾಣುವ ಎರಡು ವರ್ಷದ ಕಮ್ಯುನಿಟಿ ಕಾಲೇಜು ಹಲವು ರಾಜ್ಯಗಳಲ್ಲಿ ಅತ್ಯಂತ ಅಗ್ಗದ ಭರವಸೆಯಾಗಿದೆ. ಕ್ಯಾಲಿಫೋರ್ನಿಯಾದಲ್ಲಿ ಅಲ್ಲಿ ನಿಗದಿತ ವಿಷಯಗಳನ್ನು ನಿಗದಿತ ಅಂಕಗಳೊಡನೆ ಮುಗಿಸಿದವರಿಗೆ ಡೇವಿಸ್, ಅರ್ವೈನ್, ಸಾಂಟಾ ಬಾರ್ಬರಾ ಸೇರಿದಂತೆ ಆರು ಆವರಣಗಳು ವರ್ಗಾವಣೆಯ ಖಾತರಿ ಕೊಡುತ್ತವೆ. ಬರ್ಕ್‌ಲಿ, ಲಾಸ್ ಏಂಜಲೀಸ್, ಸ್ಯಾನ್ ಡಿಯೇಗೋ ಈ ಒಪ್ಪಂದದಲ್ಲಿಲ್ಲ. ಕೆಲವು ವಿಭಾಗಗಳಿಗೂ ಈ ಖಾತರಿ ಅನ್ವಯಿಸದು.

ಕರ್ನಾಟಕದಿಂದ ಅರ್ಜಿ ಹಾಕುವವರಿಗೆ

ಬೆಂಗಳೂರು, ಮೈಸೂರು, ಮಂಗಳೂರುಗಳಿಂದ ಅರ್ಜಿ ಹಾಕುವವರ ಲೆಕ್ಕಾಚಾರವೇ ಬೇರೆ. ವಿದೇಶಿ ವಿದ್ಯಾರ್ಥಿಯ ಬಡತನವನ್ನು ಲೆಕ್ಕಿಸದೆ ಪ್ರವೇಶ ಕೊಟ್ಟು ಅಗತ್ಯವಿದ್ದಷ್ಟು ನೆರವು ನೀಡುವ ಕಾಲೇಜುಗಳು ಬೆರಳೆಣಿಕೆಯಷ್ಟು. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಆಮ್‌ಹರ್ಸ್ಟ್ ಅಂಥವು. ಅವು ಯಾರ ಪಾಲಿಗೂ ಖಚಿತವಲ್ಲ. ಖಚಿತವಾಗಿ ಪ್ರವೇಶ ಕೊಡುವ ಸರ್ಕಾರಿ ವಿಶ್ವವಿದ್ಯಾನಿಲಯಗಳು ವಿದೇಶಿಯರಿಂದ ಹೆಚ್ಚಾಗಿ ಪೂರ್ಣ ಶುಲ್ಕವನ್ನೇ ಕೇಳುತ್ತವೆ. ಇದರ ಮೇಲೆ ವೀಸಾ ನಿರಾಕರಣೆಯ ಸಾಧ್ಯತೆ ಬೇರೆ.

ಆದ್ದರಿಂದ ಸಾಲ ಮಾಡಲಾಗದ ಕುಟುಂಬಕ್ಕೆ ನಿಜವಾದ ಸೇಫ್ಟಿ ಊರಿನಲ್ಲೇ ಇರಬಹುದು. ಅದು ಸಿಇಟಿ ಅಥವಾ ಕಾಮೆಡ್-ಕೆ ಮೂಲಕ ದೊರೆಯುವ ಸೀಟು. ಅಮೆರಿಕದ ಅರ್ಜಿ ಹಾಕಿದ್ದೇವೆಂದು ಈ ಪರೀಕ್ಷೆಗಳನ್ನು ಬಿಡುವುದು ವಿವೇಕವಲ್ಲ. ಅಮೆರಿಕದ ಕಾಲೇಜುಗಳು ಮೇ 1ರೊಳಗೆ ಮುಂಗಡ ಕೇಳುತ್ತವೆ. ಇಲ್ಲಿನ ಸೀಟು ಹಂಚಿಕೆ ಅದಕ್ಕಿಂತ ತಡವಾಗಿ ನಡೆಯುತ್ತದೆ. ಆ ಮುಂಗಡ ಸಾಮಾನ್ಯವಾಗಿ ಮರಳಿ ಬಾರದು ಎಂಬುದನ್ನು ಲೆಕ್ಕದಲ್ಲಿ ಸೇರಿಸಿಕೊಳ್ಳಬೇಕು.

ಕಾಲಕ್ರಮ

ಪಟ್ಟಿಯನ್ನು ಕೊನೆಯ ವರ್ಷಕ್ಕೆ ಮುಂಚಿನ ಬೇಸಿಗೆಯಲ್ಲೇ, ಸೇಫ್ಟಿಯಿಂದ ಆರಂಭಿಸಿ ಮಾಡುವುದು ಉತ್ತಮ. ಅಂಥ ಎರಡು ಕಾಲೇಜುಗಳಿದ್ದರೆ ಸಾಕು. ಬಂದ ಅರ್ಜಿಯನ್ನು ಬಂದಂತೆಯೇ ಪರಿಶೀಲಿಸುವ, ಅಥವಾ ನವೆಂಬರ್‌ನಲ್ಲಿ ಅರ್ಜಿ ಪಡೆದು ಬೇಗ ಉತ್ತರಿಸುವ ಕಾಲೇಜುಗಳಲ್ಲಿ ಒಂದನ್ನಾದರೂ ಆರಿಸಿದರೆ ವರ್ಷಾಂತ್ಯದ ಹೊತ್ತಿಗೆ ಒಂದು ಒಪ್ಪಿಗೆ ಪತ್ರ ಕೈಯಲ್ಲಿರುವ ಸಂಭವ ಹೆಚ್ಚು. ‘ಅರ್ಲಿ ಡಿಸಿಶನ್’ ಮಾತ್ರ ಇದಕ್ಕೆ ಬಳಸತಕ್ಕದ್ದಲ್ಲ. ಅಲ್ಲಿ ಪ್ರವೇಶ ಸಿಕ್ಕರೆ ಸೇರಲೇಬೇಕೆಂಬ ಕಟ್ಟುಪಾಡಿದೆ. ಕಾಯುವ ಪಟ್ಟಿಯಲ್ಲಿ ಹೆಸರಿರುವುದನ್ನು ಪ್ರವೇಶವೆಂದು ಭಾವಿಸದೆ ಮೇ 1ರೊಳಗೆ ಒಂದು ಕಡೆ ಸ್ಥಾನ ಕಾಯ್ದಿರಿಸಬೇಕು. ಎಲ್ಲೂ ಸಿಗದವರಿಗೆ ಇನ್ನೂ ಒಂದು ದಾರಿಯಿದೆ. ಸ್ಥಳ ಉಳಿದಿರುವ ಕಾಲೇಜುಗಳ ಪಟ್ಟಿಯನ್ನು ಪ್ರವೇಶ ಸಲಹೆಗಾರರ ರಾಷ್ಟ್ರೀಯ ಸಂಘ (ಎನ್‌ಎಸಿಎಸಿ) ಮೇ ತಿಂಗಳಲ್ಲಿ ಪ್ರಕಟಿಸುತ್ತ ಬಂದಿದೆ.

ಪೋಷಕರು ಒಂದು ಮಾತನ್ನು ನೆನಪಿಡುವುದೊಳಿತು. ವರ್ಷವಿಡೀ ಮನೆಯಲ್ಲಿ ಯಾವ ಕಾಲೇಜನ್ನು ಹಗುರವಾಗಿ ಆಡಿಕೊಂಡಿರುತ್ತಾರೋ, ಏಪ್ರಿಲ್‌ನಲ್ಲಿ ಮಗು ಅದೇ ಕಾಲೇಜಿನ ಬಾಗಿಲಲ್ಲಿ ನಿಲ್ಲಬೇಕಾಗಬಹುದು. ಆಗ ಅದು ಸೋತು ಬಂದೆನೆಂಬ ಭಾವದಿಂದ ಒಳಗೆ ಹೋಗುವುದೋ, ಓದಲು ಬಂದೆನೆಂಬ ಭಾವದಿಂದ ಹೋಗುವುದೋ ಎಂಬುದು ಮನೆಯವರ ಮಾತನ್ನೂ ಅವಲಂಬಿಸಿದೆ.